ಮಗಳಿಗೊಂದು ಪತ್ರ: ಬಾಲ್ಕನಿಗೆ ಬಂದ ನವರಂಗ

ಕುಮಟಾ
ನವೆಂಬರ್ 9

ಕೂಸೇ,

ಫೋನಿನಲ್ಲಿ ಮಾತಾಡಿದ್ದು ಇಟ್ಟ ಕೂಡಲೇ ಮರೆತುಹೋಗುತ್ತದೆ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. "ಈಗಿನ ಕಾಲದಲ್ಲಿ ಪೋಸ್ಟ್ ಡಬ್ಬಿ ಎಲ್ಲಿದೆ ಅಂತಾದರೂ ಗೊತ್ತಾ ನಿಮಗೆ?" ಅಂತ ಆಯಿ ನಗುತ್ತಿದ್ದಾಳೆ. ಗೊತ್ತಿದೆ. ಇಪ್ಪತ್ತೆಂಟು ವರ್ಷ ಅದರ ಎದುರಿಗೇ ಸೀಟಿ ಊದಿ ಬಸ್ಸು ನಿಲ್ಲಿಸಿದವನು ನಾನು.

ಹೋದ ತಿಂಗಳು ಬೆಳ್ಳಂಬೆಳಿಗ್ಗೆ ನಿನ್ನ ಫೋನ್ ಬಂದಾಗ ಎದೆ ಧಸಕ್ ಅಂದಿತ್ತು. ಅಷ್ಟು ಹೊತ್ತಿಗೆ ನೀನು ಎದ್ದಿರುವುದೇ ಇಲ್ಲ, ಅಲ್ವಾ. "ಅಪ್ಪಾ, ಬಾಲ್ಕನಿಯಲ್ಲಿ ಒಂದು ಹಕ್ಕಿ ಬಿದ್ದಿದೆ. ಗಿಳಿ ಅಲ್ಲ, ಮಿಂಚುಳ್ಳಿ ಅಲ್ಲ, ಬಾಲ ಅಂತೂ ಇಲ್ಲವೇ ಇಲ್ಲ" ಅಂದೆ. ಆಮೇಲೆ ವಿಡಿಯೋ ಮಾಡಿ ತೋರಿಸಿದೆ. ಬೆನ್ನು ಹಸಿರು. ರೆಕ್ಕೆಯ ಮೇಲೆ ನೀಲಿ ತೇಪೆ. ಎದೆ ತಿಳಿಗಂದು. ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಪಟ್ಟಿ. ಮೋಟು ಬಾಲದ ಬುಡದಲ್ಲಿ ಕುಂಕುಮ ಚೆಲ್ಲಿದಷ್ಟು ಕೆಂಪು. ಬಾಯಿ ಅರ್ಧ ತೆರೆದುಕೊಂಡು, ಕಣ್ಣು ಮಿಟುಕಿಸುತ್ತಾ, ನಿನ್ನ ಚಪ್ಪಲಿಯ ಪಕ್ಕ ಕೂತಿತ್ತು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ನವರಂಗ.

ನಾಲ್ಕನೇ ಮಹಡಿಗೆ ಅದು ಯಾಕೆ ಬಂತು ಅಂತ ನೀನು ಕೇಳಿದೆ. ಆಗ ಹೇಳುವಷ್ಟು ಪುರಸೊತ್ತು ಇರಲಿಲ್ಲ, ಈಗ ಹೇಳುತ್ತೇನೆ. ನವರಂಗ ನೆಲದ ಹಕ್ಕಿ. ಮರದ ಬುಡದಲ್ಲಿ ಕುಪ್ಪಳಿಸುತ್ತಾ, ಉದುರಿದ ಎಲೆ ಕೆದಕಿ ಹುಳ ತಿನ್ನುವುದು ಅದರ ಕೆಲಸ. ಮಳೆಗಾಲದಲ್ಲಿ ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡುತ್ತದೆ. ಮಳೆ ಮುಗಿದ ಮೇಲೆ ದಕ್ಷಿಣಕ್ಕೆ ಹೊರಡುತ್ತದೆ, ಕೆಲವು ಶ್ರೀಲಂಕಾದವರೆಗೂ ಹೋಗುತ್ತವೆ. ಪ್ರಯಾಣ ಎಲ್ಲಾ ರಾತ್ರಿ ಹೊತ್ತು, ನಮ್ಮ ಸ್ಲೀಪರ್ ಬಸ್ಸಿನ ಹಾಗೆ. ಕತ್ತಲೆಯಲ್ಲಿ ದಾರಿ ಹಿಡಿದು ಬರುವ ಹಕ್ಕಿಗೆ ಊರಿನ ದೀಪ ದಿಕ್ಕು ತಪ್ಪಿಸುತ್ತದೆ. ಬೆಳಗಾಗುವ ಹೊತ್ತಿಗೆ ಸುಸ್ತಾಗಿ ಇಳಿಯಲು ನೋಡಿದರೆ ಎದುರಿಗೆ ಗಾಜು, ಗಾಜಿನಲ್ಲಿ ಆಕಾಶ. ಅಕ್ಟೋಬರ್ ಬಂತೆಂದರೆ ಬೆಂಗಳೂರಿನಲ್ಲಿ ಯಾರದ್ದಾದರೂ ಮನೆ ಮೆಟ್ಟಿಲಲ್ಲಿ, ಆಫೀಸಿನ ಬಾಗಿಲಲ್ಲಿ ಒಂದೊಂದು ನವರಂಗ ಸಿಗುತ್ತಲೇ ಇರುತ್ತದೆ.

ನೀನು ನೀರು ಕುಡಿಸುತ್ತೇನೆ ಅಂದೆ. ನಾನು ಬೇಡ ಅಂತ ಕೂಗಿದ್ದು ಸ್ವಲ್ಪ ಜೋರಾಯಿತೇನೋ. ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸಕ್ಕೆ ಹೋಗಿ ಸಾಯುವ ಸಾಧ್ಯತೆಯೇ ಜಾಸ್ತಿ. ಶೂ ಡಬ್ಬಿಗೆ ತೂತು ಹೊಡೆದು, ಒಳಗೆ ಹಳೇ ಟವೆಲ್ ಹಾಸಿ, ಮುಚ್ಚಿ, ಸುಮ್ನೆ ಕತ್ತಲಲ್ಲಿ ಇಟ್ಟೆಯಲ್ಲ, ಅಷ್ಟೇ ಬೇಕಾಗಿದ್ದು. ಹತ್ತು ಗಂಟೆಗೆ "ಅಪ್ಪಾ, ಒಳಗೆ ಕೆರೆಯುತ್ತಾ ಇದೆ" ಅಂತ ಮೆಸೇಜ್ ಹಾಕಿದೆ. ಮೀಟಿಂಗ್ ಬಿಟ್ಟು ಕೆಳಗಿನ ಪಾರ್ಕಿಗೆ ಹೋಗಿ ಹೊಂಗೆ ಮರದ ಬುಡದಲ್ಲಿ ಡಬ್ಬಿ ತೆರೆದೆ. ಎರಡು ಸಲ ಕುಪ್ಪಳಿಸಿ ಬೇಲಿಯೊಳಗೆ ನುಗ್ಗಿತು ಅಂದೆ. ಆಮೇಲೆ ಕೇಳಿದೆಯಲ್ಲ, "ಇಲ್ಲಿ ಇನ್ನೂ ಏನೇನಿದೆ ಅಪ್ಪಾ?" ಅಂತ. ಹೋದ ವರ್ಷ ನಾಗರಹೊಳೆ ಸಫಾರಿಗೆ ಹೋಗಿ ಹುಲಿ ಕಾಣಲಿಲ್ಲ ಅಂತ ಮೂರು ದಿನ ಮುಖ ಊದಿಸಿಕೊಂಡಿದ್ದವಳು ನೀನೇ. ಆ ಪ್ರಶ್ನೆ ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂದರೆ ಆಯಿಗೆ ಎರಡು ಸಲ ಹೇಳಿದೆ.

ನಿನ್ನ ಪಾರ್ಕಿನಲ್ಲೇ ಮಡಿವಾಳ ಹಕ್ಕಿ ಇರುತ್ತದೆ, ಸೂರಕ್ಕಿ ಇರುತ್ತದೆ. ಟೊಂಕ್ ಟೊಂಕ್ ಅಂತ ತಾಮ್ರದ ಕೊಡ ತಟ್ಟಿದ ಸದ್ದು ಕೇಳಿದರೆ ಅದು ಕಂಚುಗಾರ ಹಕ್ಕಿ. ಒಣಗಿದ ಕೊಂಬೆಯ ತುದಿ ನೋಡು, ಗುಬ್ಬಿಗಿಂತ ಸ್ವಲ್ಪ ದೊಡ್ಡದು. ಒಂದು ಮಾತು. ಬೆಂಗಳೂರಿನ ಪಾರ್ಕುಗಳನ್ನು ತೀರಾ ಚೊಕ್ಕ ಮಾಡಿಬಿಡುತ್ತಾರೆ. ಒಂದು ಎಲೆ ಬೀಳುವ ಹಾಗಿಲ್ಲ, ಗುಡಿಸಿ ಚೀಲ ಕಟ್ಟುತ್ತಾರೆ. ನವರಂಗಕ್ಕೆ ಅದು ತಟ್ಟೆ ಎತ್ತಿಟ್ಟ ಹಾಗೆ. ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ, ಬೇಲಿಯ ಬುಡದ ಎಲೆಯನ್ನಾದರೂ ಬಿಡಿ ಅಂತ ಒಮ್ಮೆ ಕೇಳಿ ನೋಡು. ಸೊಳ್ಳೆ ಬರುತ್ತೆ ಅಂತ ಯಾರಾದರೂ ಜಗಳಕ್ಕೆ ಬರುತ್ತಾರೆ. ಬರಲಿ ಬಿಡು.

ಲಾಲ್‌ಬಾಗ್‌ಗೆ ನಿನ್ನ ಬನಶಂಕರಿಯಿಂದ ಹಸಿರು ಮೆಟ್ರೋ ಇದೆ. ಭಾನುವಾರ ಬೇಡ, ವಾರದ ನಡುವೆ ಹೋಗು. ಕೆರೆಯ ಕಡೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಟ್ಟೆ ಒಣಗಿಸಿದ ಹಾಗೆ ಕೂತಿರುತ್ತವೆ. ಅಲ್ಲಿನ ಬಂಡೆಗೆ 300 ಕೋಟಿ ವರ್ಷ ವಯಸ್ಸು ಅನ್ನುತ್ತಾರೆ, ಅದರ ಮೇಲೆ ಹುಡುಗರು ಸೆಲ್ಫಿ ತೆಗೆಯುತ್ತಿರುತ್ತಾರೆ. ಬೆಂಗಳೂರಿನ ಇಂಥ ಬಂಡೆಗಳ ಮೇಲೆ ಓತಿಕ್ಯಾತ ಹುಡುಕು. ಹೆಣ್ಣಿನ ಎದುರು ಗಂಡಿನ ಮೈ ಕೆಂಪೇರುವುದನ್ನು ನೋಡಿದರೆ ನಮ್ಮ ಊರಿನ ಯಕ್ಷಗಾನದ ವೇಷ ನೆನಪಾಗುತ್ತದೆ.

ನಿನ್ನ ಗೆಳತಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದಾಳಲ್ಲ, ಅವರ ಆವರಣದ ಮರಗಳಲ್ಲಿ ಕಾಡುಪಾಪ ಇದೆ. ನಿಜವಾಗಿಯೂ. ಅಷ್ಟು ದೊಡ್ಡ ಊರಿನ ನಡುವೆ, ಒಂದು ಬೊಗಸೆಯಲ್ಲಿ ಕೂರುವಷ್ಟು ಸಣ್ಣದು, ಬಾಲ ಇಲ್ಲ, ಕಡ್ಡಿಯಂಥ ಕೈಕಾಲು, ಮುಖ ತುಂಬಾ ಕಣ್ಣು. ರಾತ್ರಿ ಕೊಂಬೆಯಿಂದ ಕೊಂಬೆಗೆ ನಿಧಾನಕ್ಕೆ ನಡೆಯುತ್ತಾ ಹುಳ ಹಿಡಿಯುತ್ತದೆ. ಅವಳ ಜೊತೆ ಹೋದರೆ ಟಾರ್ಚಿಗೆ ಕೆಂಪು ಬಣ್ಣದ ಹಾಳೆ ಸುತ್ತಿಕೊಂಡು ಹೋಗು. ಬಿಳಿ ಬೆಳಕು ಆ ಕಣ್ಣಿಗೆ ಚುಚ್ಚುತ್ತದೆ. ಸಿಕ್ಕಿದರೆ ಯಾವ ಮರ, ಯಾವ ರಸ್ತೆ ಅಂತ ಇನ್‌ಸ್ಟಾಗ್ರಾಂನಲ್ಲಿ ಹಾಕಬೇಡ. ಮಾಟ ಮಂತ್ರಕ್ಕೆ ಅಂತ ಅದನ್ನು ಹಿಡಿಯುವವರು ಈಗಲೂ ಇದ್ದಾರೆ.

ನಾನೇನು ಹುಟ್ಟುತ್ತಲೇ ಇದನ್ನೆಲ್ಲಾ ಕಲಿತವನಲ್ಲ. ಕುಮಟಾ–ಶಿರಸಿ ರೂಟಿನಲ್ಲಿ ಮೊದಲ ಹತ್ತು ವರ್ಷ ದೇವಿಮನೆ ಘಟ್ಟದಲ್ಲಿ ನಾನು ನೋಡಿದ್ದು ಟಿಕೆಟ್ಟು ಮತ್ತು ಚಿಲ್ಲರೆ ಮಾತ್ರ. ಒಂದು ದಿನ ಘಟ್ಟದ ತಿರುವಿನಲ್ಲಿ ಟೈರು ಪಂಕ್ಚರ್ ಆಯಿತು. ಉಪ್ಪಾಗೆ ಅನ್ನುವ ಕಾಡಿನ ಹುಳಿಹಣ್ಣಿನ ಚೀಲ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಕೆಳಗಿಳಿದು, ನನ್ನ ತೋಳು ಹಿಡಿದು ಮೇಲೆ ತೋರಿಸಿದಳು. ರಸ್ತೆಯ ಆ ಬದಿಯ ಮರದಿಂದ ಈ ಬದಿಯ ಮರಕ್ಕೆ ಕೆಂದಳಿಲು ಹಾರಿತು. ತಲೆಯಿಂದ ಬಾಲದ ತುದಿವರೆಗೆ ನನ್ನ ಕೈಯಷ್ಟು ಉದ್ದ. ಬಾಲ ಗಾಳಿಯಲ್ಲಿ ಉಳಿದುಬಿಟ್ಟಿತೇನೋ ಅನ್ನಿಸಿತು. "ದಿನಾ ಇಲ್ಲೇ ಹೋಗ್ತದೆ, ನಿಮ್ಮ ಬಸ್ಸಿನ ಮೇಲೇ" ಅಂದಳು. ಹತ್ತು ವರ್ಷ ಕೂಸೇ, ನನ್ನ ಬಸ್ಸಿನ ಮೇಲೆ! ಅದೂ ಟಿಕೆಟ್ ಇಲ್ಲದೆ.

ಸಿಂಗಳೀಕ ಉಪ್ಪಾಗೆ ತಿನ್ನುತ್ತದೆ ಅಂತ ಹೇಳಿದ್ದೂ ಅವಳೇ. ಕೊಯ್ಯುವಾಗ ಮೇಲಿನ ಕೊಂಬೆಯದ್ದು ಬಿಡುತ್ತೇವೆ ಅಂದಳು. ಆಮೇಲೆ 2011ರಲ್ಲಿ ಸರ್ಕಾರ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಸಿಂಗಳೀಕಕ್ಕಾಗಿ ಸಂರಕ್ಷಿತ ಪ್ರದೇಶ ಅಂತ ಮಾಡಿತು. ಈಗ ಆ ರಸ್ತೆ ಅಗಲವಾಗಿದೆ. ಮರ ಹೋದ ಕಡೆ ಎರಡು ಬದಿಯ ಕೊಂಬೆ ಕೂಡುವುದಿಲ್ಲ. ಕೆಂದಳಿಲು ನೆಲಕ್ಕಿಳಿದು ರಸ್ತೆ ದಾಟುವ ಪ್ರಾಣಿ ಅಲ್ಲ. ಬಸ್ಸು ಮಾತ್ರ ಬೇಗ ಬರುತ್ತದೆ.

ರಿಟೈರ್ ಆದ ಮೇಲೆ ಫೋನಿಗೆ ಮರ್ಲಿನ್ ಆಪ್ ಹಾಕಿಕೊಂಡಿದ್ದೇನೆ, ಹಕ್ಕಿ ಕೂಗಿದರೆ ಹೆಸರು ತೋರಿಸುತ್ತದೆ. ಒಳ್ಳೆಯದೇ. ಆದರೆ ಮೊನ್ನೆ ತೋಟದಲ್ಲಿ ಒಂದೇ ನಿಮಿಷಕ್ಕೆ ನಾಲ್ಕು ಹಕ್ಕಿಯ ಹೆಸರು ತೋರಿಸಿತು. ಕತ್ತೆತ್ತಿ ನೋಡಿದರೆ ಇದ್ದದ್ದು ಒಂದೇ ಭೀಮರಾಜ, ಉಳಿದವರ ಕೂಗನ್ನೆಲ್ಲಾ ಅಣಕಿಸುತ್ತಾ. ಫೆಬ್ರವರಿಯಲ್ಲಿ ನಾಲ್ಕು ದಿನ ಹಕ್ಕಿ ಎಣಿಕೆ ಇರುತ್ತದೆ. 15 ನಿಮಿಷ ಕೂತು, ಕಂಡದ್ದನ್ನು ಎಣಿಸಿ ಹಕ್ಕಿ ಪಟ್ಟಿಗಳ ಜಾಲತಾಣ ಇ-ಬರ್ಡ್‌ಗೆ ಹಾಕಿದರೆ ಆಯಿತು. 2023ರಲ್ಲಿ ಬಂದ ದೇಶದ ಹಕ್ಕಿಗಳ ವರದಿಯಲ್ಲಿ 942 ಜಾತಿಗಳ ಲೆಕ್ಕ ಇತ್ತು. ಅದೆಲ್ಲಾ ನಮ್ಮಂಥವರು ಹಾಕಿದ ಪಟ್ಟಿಗಳಿಂದಲೇ ಆದದ್ದು. ನಮ್ಮ ರಾಜ್ಯದ ಹಕ್ಕಿ ನೀಲಕಂಠ ಕಮ್ಮಿಯಾಗುತ್ತಿದೆ ಅಂತ ಗೊತ್ತಾದದ್ದೂ ಅಲ್ಲಿಂದಲೇ. ನಿನ್ನ ಬಾಲ್ಕನಿಯಿಂದ ಬರೀ ಪಾರಿವಾಳ ಕಂಡರೂ ಬರೆದುಹಾಕು.

ಈಗ ನಿನಗೆ ಹೇಳದೇ ಇದ್ದ ಒಂದು ವಿಷಯ. ನೀನು ಆಗ ಎರಡನೇ ಕ್ಲಾಸು. ಚಳಿಗಾಲದ ಒಂದು ರಾತ್ರಿ ಪರಿಚಯದ ಮೀನುಗಾರರೊಬ್ಬರು ಕಡಲಾಮೆ ತೋರಿಸುತ್ತೇನೆ ಅಂತ ಧಾರೇಶ್ವರದ ದಂಡೆಗೆ ಕರೆದರು. ಹನ್ನೊಂದೂವರೆ ಇರಬೇಕು. ಕತ್ತಲೆಯಲ್ಲಿ ಕೂತೆವು. ಅಲೆ ಹಿಂದೆ ಸರಿದಾಗ ಒಂದು ಕಪ್ಪು ಕಲ್ಲು ಉಳಿಯಿತು. ಕಲ್ಲು ನಡೆಯಲು ಶುರು ಮಾಡಿತು. ನಾಲ್ಕು ಹೆಜ್ಜೆ ತೆವಳುವುದು, ಉಸ್ಸೆಂದು ಉಸಿರು ಬಿಡುವುದು, ಮತ್ತೆ ನಾಲ್ಕು ಹೆಜ್ಜೆ. ಆ ಉಸಿರು ನಮಗೆ ಕೇಳುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಟಾರ್ಚ್ ಹಾಕಿದೆ. ನೇರ ಅವಳ ಮುಖಕ್ಕೆ.

ಅವಳು ನಿಂತಳು. ಕಣ್ಣಿನ ಕೆಳಗೆ ನೀರು, ಅದಕ್ಕೆ ಮರಳು ಅಂಟಿತ್ತು. ಹಾಗೇ ತಿರುಗಿ ವಾಪಸ್ ಸಮುದ್ರಕ್ಕೆ ಹೋದಳು. ಮೊಟ್ಟೆ ಇಡಲೇ ಇಲ್ಲ. "ಹೊಟ್ಟೆ ತುಂಬಿಕೊಂಡು ಬಂದವಳ ಮುಖಕ್ಕೆ ಬೆಳಕು ಬಿಡ್ತಾರೆನ್ರೀ?" ಅಂದರು ಅವರು. ಆಮೇಲೆ ಮನೆವರೆಗೆ ಮಾತೇ ಆಡಲಿಲ್ಲ.

ಫೆಬ್ರವರಿಯಲ್ಲಿ ಅವರೇ ಮತ್ತೆ ಕರೆದರು. ಬೇರೆ ಆಮೆ ಇಟ್ಟ ಗೂಡು, ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾವಲಿಟ್ಟಿದ್ದರು. ಒಂದೊಂದು ಗೂಡಿನಲ್ಲಿ ನೂರರ ಹತ್ತಿರ ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ಮರಳು ಜಾಸ್ತಿ ಬಿಸಿಯಾದರೆ ಹೆಣ್ಣುಮರಿಗಳೇ ಹೆಚ್ಚು. ಬೆಂಕಿಪೊಟ್ಟಣದಷ್ಟಿದ್ದ ಮರಿಗಳು ಒಂದರ ಮೇಲೊಂದು ಹತ್ತಿಕೊಂಡು ಹೊರಬಂದವು. ರಾತ್ರಿ ಸಮುದ್ರದ ಕಡೆಯ ಆಕಾಶ ಸ್ವಲ್ಪ ಬೆಳ್ಳಗಿರುತ್ತದಲ್ಲ, ಅದನ್ನೇ ನೋಡಿಕೊಂಡು ಅವು ಹೋಗುವುದಂತೆ. ದಂಡೆಯ ಹಿಂದೆ ಹೋಟೆಲ್ಲಿನ ದೀಪ ಇದ್ದರೆ ಆ ಕಡೆಗೇ ಹೊರಡುತ್ತವೆ. ಅವತ್ತು ನಾನು ಟಾರ್ಚನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ದಾರಿಯಲ್ಲಿ ಎರಡು ಸಲ ಎಡವಿದೆ.

ನೀನು ಡಿಸೆಂಬರಿನಲ್ಲಿ ಬರುವಾಗ ಅಮಾವಾಸ್ಯೆಯ ಆಸುಪಾಸು ನೋಡಿಕೊಂಡು ಟಿಕೆಟ್ ಮಾಡು. ನೀರು ಚೆನ್ನಾಗಿ ಇಳಿಯುತ್ತದೆ. ಅಘನಾಶಿನಿಯ ಕೆಸರಿಗೆ ಹೋಗೋಣ, ಹೆಂಗಸರು ಬಳಚು ಚಿಪ್ಪು ಆರಿಸುತ್ತಿರುತ್ತಾರಲ್ಲ, ಅಲ್ಲಿಗೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಬುಡದಲ್ಲಿ ಸಣ್ಣ ಏಡಿಗಳಿವೆ. ಗಂಡಿಗೆ ಒಂದು ಇಕ್ಕಳಗಾಲು ಮೈಗಿಂತ ದೊಡ್ಡದು. ನಾವು ಹೋದ ಕೂಡಲೇ ಎಲ್ಲಾ ತೂತಿನೊಳಗೆ. ಹತ್ತು ನಿಮಿಷ ನೆರಳು ಅಲ್ಲಾಡಿಸದೆ ಕೂತರೆ ಒಂದೊಂದಾಗಿ ಹೊರಬಂದು ಆ ಕೈಯನ್ನು ಬಾ ಬಾ ಅಂತ ಬೀಸುತ್ತವೆ, ನಾನು ಬಸ್ ಸ್ಟ್ಯಾಂಡಿನಲ್ಲಿ ಶಿರಸಿ ಶಿರಸಿ ಅಂತ ಕರೆಯುತ್ತಿದ್ದೆನಲ್ಲ ಹಾಗೆ. ಹಳೇ ಚಪ್ಪಲಿ ತಾ.

ಅಲ್ಲಿಯವರೆಗೆ ಒಂದು ಕೆಲಸ ಮಾಡು. ನಿನ್ನ ಬಾಲ್ಕನಿಯಲ್ಲಿ ರಾತ್ರಿಯಿಡೀ ಉರಿಯುವ ಬಣ್ಣದ ಲೈಟಿನ ಸರ ಇದೆಯಲ್ಲ, ದೀಪಾವಳಿಯದ್ದು, ಅದನ್ನು ಇನ್ನು ತೆಗೆ. ಗಾಜಿಗೆ ಹೊರಗಡೆಯಿಂದ ಏನಾದರೂ ಚಿತ್ರ ಅಂಟಿಸು, ಒತ್ತೊತ್ತಾಗಿ.

ಕಾಗದ ಇಲ್ಲಿಗೆ ನಿಲ್ಲಿಸಿದ್ದೆ. ಈಗ ಸಂಜೆ ಆರು ದಾಟಿದೆ, ಮತ್ತೆ ಬರೆಯುತ್ತಿದ್ದೇನೆ. ಬಚ್ಚಲಿನ ಹಿಂದೆ, ಅಡಿಕೆ ಮರಗಳ ಆಚೆ, ಎರಡೇ ಸ್ವರದ ಸಿಳ್ಳೆ ಕೇಳಿತು. ನವರಂಗ. ಇದು ಹೊತ್ತು ಹುಟ್ಟುವಾಗ, ಮುಳುಗುವಾಗ ಕೂಗುವ ಹಕ್ಕಿ. ತಮಿಳಿನಲ್ಲಿ ಇದಕ್ಕೆ ಆರು ಗಂಟೆಯ ಹಕ್ಕಿ ಅನ್ನುತ್ತಾರೆ. ಆಯಿ ಅಡುಗೆಮನೆಯ ದೀಪ ಆರಿಸಿ ಕಿಟಕಿಗೆ ಬಂದು ನಿಂತಿದ್ದಾಳೆ. ಇನ್ನೊಮ್ಮೆ ಕೂಗಿತು. "ಬೆಂಗಳೂರಿನ ಮೇಲೇ ಬಂದಿದೆಯೋ ಏನೋ, ಕೇಳಿ ನೋಡಿ" ಅನ್ನುತ್ತಿದ್ದಾಳೆ.

ನಿನ್ನ,
ಅಪ್ಪ