ಗೆಳೆಯನಿಗೊಂದು ಪತ್ರ: ಫ್ರೆಂಚಿನ ಟೋಪಿ ಹಾಕಿದ ಕ್ರಿಯಾಪದಗಳ ಬಗ್ಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಫ್ರೆಂಚ್ ಲೇಖಕ ಕಾಮ್ಯುನ ಕಾದಂಬರಿ 'ಲೆತ್ರಾಂಜೇ' ಸಲೀಸಾಗಿ ಓದಿ ಮುಗಿಸಿದೆ, ಆದರೆ ಹತ್ತೊಂಬತ್ತನೇ ಶತಮಾನದ ಕಾದಂಬರಿಗೆ ಕೈ ಹಾಕಿದರೆ ಎರಡನೇ ಪುಟದಲ್ಲೇ ಸಿಕ್ಕಿಕೊಂಡೆ ಅಂತ ಬರೆದಿದ್ದೀಯ. ಇದು ನಿನ್ನ ಫ್ರೆಂಚ್ ಕಮ್ಮಿಯಾಗಿ ಆದದ್ದಲ್ಲ ಕಣೋ. 1942ರಲ್ಲಿ ಬಂದ ಆ ಪುಸ್ತಕವನ್ನು ಕಾಮ್ಯು ಬಹುಪಾಲು ಪಾಸೇ ಕೊಂಪೊಜೇಯಲ್ಲಿ ಬರೆದ. ಅದು ಫ್ರೆಂಚರು ದಿನಾ ಬಾಯಲ್ಲಿ ಬಳಸುವ ಭೂತಕಾಲ, ನೀನು ಕ್ಲಾಸಿನಲ್ಲಿ ಕಲಿತದ್ದೂ ಅದನ್ನೇ. ಹಳೆಯ ಕಾದಂಬರಿಗಳು ನಡೆಯುವುದು ಪಾಸೇ ಸ್ಯಾಂಪ್ಲ್, ಅಂದರೆ ಬರವಣಿಗೆಯ ಭೂತಕಾಲದ ಮೇಲೆ. ಅದರ ಬೆನ್ನಿಗೇ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಬರುತ್ತದೆ, ಅಂದರೆ ಆಸೆ, ಭಯ, ಇನ್ನೂ ನಡೆಯದ ಸಂಗತಿ ಹೇಳುವ ಕ್ರಿಯಾರೂಪದ ಭೂತಕಾಲ. ನೀನು ಸಿಕ್ಕಿಕೊಂಡದ್ದು ಅಲ್ಲಿ.

'ಯಾರೂ ಮಾತಾಡದ ಈ ರೂಪವನ್ನು ಕಲಿಯಬೇಕಾ?' ಅಂತ ಕೇಳಿದ್ದೀಯ. ಕಲಿ. ಆದರೆ ಮಾತಾಡೋಕೆ ಅಲ್ಲ, ಓದೋಕೆ. ಓದೋಕೆ ಅಂತ ಕಲಿಯುವುದಾದರೆ ಕೆಲಸ ನೀನು ಹೆದರಿದ್ದಕ್ಕಿಂತ ತುಂಬಾ ಸಣ್ಣದು.

ಮೊದಲು ಇದರ ಕೆಲಸ ಏನು ಅಂತ ನೋಡೋಣ. ಕನ್ನಡದಲ್ಲಿ 'ಅವನು ಬರಲಿ ಅಂತ ಆಸೆಪಡುತ್ತೇನೆ' ಅನ್ನುತ್ತೇವೆ. 'ಅವನು ಬರಲಿ ಅಂತ ಆಸೆಪಟ್ಟೆ' ಅಂತಲೂ ಅನ್ನುತ್ತೇವೆ. ಆಸೆ ಇವತ್ತಿನದಾದರೂ ನಿನ್ನೆಯದಾದರೂ 'ಬರಲಿ' ಹಾಗೇ ಇರುತ್ತದೆ. ಇವತ್ತಿನ ಫ್ರೆಂಚ್ ಮಾತೂ ಹೀಗೇ, ಎರಡೂ ಕಡೆ 'ಕಿಲ್ ವ್ಯೆನ್'. ಹಳೆಯ ನಿಯಮ ಅದನ್ನು ಒಪ್ಪುತ್ತಿರಲಿಲ್ಲ. ಮುಖ್ಯ ವಾಕ್ಯ ಭೂತಕಾಲಕ್ಕೆ ಹೋದರೆ ಒಳಗಿನ ವಾಕ್ಯವೂ ಜೊತೆಗೆ ಹೋಗಲೇಬೇಕು. 'ಅವಳು ಅವನು ಬರಲಿ ಅಂತ ಕಾಯುತ್ತಿದ್ದಳು' ಅನ್ನೋಕೆ 'ಎಲ್ ಅತಾಂದೆ ಕಿಲ್ ವ್ಯಾಂ'. ಆ 'ವ್ಯಾಂ' ಇದೆಯಲ್ಲ, ಅದೇ ನಿನ್ನನ್ನು ತಡೆದು ನಿಲ್ಲಿಸಿದ್ದು.

ಈಗ ರೂಪ ಕಟ್ಟುವ ಬಗೆ. ಪಾಸೇ ಸ್ಯಾಂಪ್ಲ್‌ನ 'ತ್ಯು' (ನೀನು) ರೂಪವನ್ನು ತಗೋ. 'ತ್ಯು ಪಾರ್ಲಾ' (ನೀನು ಮಾತಾಡಿದೆ) ಅನ್ನುವಾಗ ಬರವಣಿಗೆಯಲ್ಲಿ ಕೊನೆಗೊಂದು ಎಸ್ ಇರುತ್ತದೆ, ಬಾಯಲ್ಲಿ ಕೇಳಿಸುವುದಿಲ್ಲ. ಆ ಎಸ್ ಪಕ್ಕಕ್ಕೆ ಇನ್ನೊಂದು ಎಸ್, ಒಂದು ಇ ಸೇರಿಸು. 'ನಾನು ಮಾತಾಡಲಿ' ಅನ್ನುವ 'ಕ ಜ ಪಾರ್ಲಾಸ್' ಸಿಕ್ಕಿತು. ಮುಂದಕ್ಕೆ ನೀನು, ಅವನು, ನಾವು, ನೀವು, ಅವರು ಅನ್ನುವ ಕ್ರಮದಲ್ಲಿ 'ಕ ತ್ಯು ಪಾರ್ಲಾಸ್', 'ಕಿಲ್ ಪಾರ್ಲಾ', 'ಕ ನೂ ಪಾರ್ಲಾಸಿಯೋಂ', 'ಕ ವೂ ಪಾರ್ಲಾಸಿಯೇ', 'ಕಿಲ್ ಪಾರ್ಲಾಸ್'. ಮುಗಿಸು, ಇರು, ಮಾಡು, ಬರು ಅನ್ನುವ ಕ್ರಿಯಾಪದಗಳಿಗೂ ಹೀಗೇ: ಫಿನೀರ್‌ಗೆ ಫಿನಿಸ್, ಎತ್ರ್‌ಗೆ ಫ್ಯುಸ್, ಫೇರ್‌ಗೆ ಫಿಸ್, ವನೀರ್‌ಗೆ ವ್ಯಾಂಸ್. ಸ್ವರ ನಾಲ್ಕೇ: ಆ, ಇ, ಯು, ಆಮೇಲೆ ವನೀರ್, ತನೀರ್ ಬಳಗದ ಮೂಗಿನ 'ಆ್ಯಂ'. ಫ್ರೆಂಚ್ ಕ್ರಿಯಾಪದಗಳಲ್ಲಿ ಅಪವಾದವೇ ಇಲ್ಲದ ನಿಯಮ ಅಂದರೆ ಅಪರೂಪ. ಇದು ಅಂಥದ್ದು. ಎತ್ರ್, 'ಹೊಂದಿರು' ಅನ್ನುವ ಅವ್ವಾರ್ ಕೂಡ ಇದಕ್ಕೆ ತಲೆಬಾಗುತ್ತವೆ. ಹಾಗಾಗಿ ನಿನಗೆ ಕಷ್ಟ ಆಗುತ್ತಿರುವುದು ಸಬ್ಜಂಕ್ಟಿವ್ ಅಲ್ಲವೇ ಅಲ್ಲ, ಪಾಸೇ ಸ್ಯಾಂಪ್ಲ್. ಅದು ಗಟ್ಟಿಯಾದರೆ ಇದು ಪುಕ್ಕಟೆ ಬರುತ್ತದೆ.

ಆ ಆರು ರೂಪಗಳಲ್ಲಿ ಮೂರನೆಯದನ್ನು ಗಮನಿಸಿದೆಯಾ? ಉಳಿದ ಐದರಲ್ಲೂ 'ಸ್' ಸದ್ದು ಇದೆ, 'ಕಿಲ್ ಪಾರ್ಲಾ'ದಲ್ಲಿ ಇಲ್ಲ. ಅಲ್ಲಿ ಸ್ವರದ ಮೇಲೊಂದು ಟೋಪಿ (^ ಚಿಹ್ನೆ), ಕೊನೆಗೆ ಸದ್ದಿಲ್ಲದ ಟಿ. ನಿನ್ನ ಗಮನವೆಲ್ಲ ಈ ಒಂದು ರೂಪದ ಮೇಲೆ ಇರಲಿ. ಕಾದಂಬರಿಗಳಲ್ಲಿ ಕಣ್ಣಿಗೆ ಬೀಳುವುದು ಬಹುತೇಕ ಇದೇ. ಕಥೆ ಹೇಳುವುದು ಅವನ ಬಗ್ಗೆ, ಅವಳ ಬಗ್ಗೆ ತಾನೇ? 'ಪಾರ್ಲಾಸಿಯೋಂ' ನಿನಗೆ ಎಲ್ಲೋ ಒಮ್ಮೆ ಎದುರಾಗುತ್ತದೆ. 'ಫ್ಯು', 'ವ್ಯಾಂ' ಪುಟಪುಟಕ್ಕೂ ಸಿಗುತ್ತವೆ.

ಆ ಟೋಪಿ ಸುಮ್ನೆ ಕೂತದ್ದಲ್ಲ. ಅದರ ಕೆಳಗೆ ಒಂದು ಎಸ್ ಸತ್ತಿದೆ. ಫ್ರೆಂಚಿನ 'ಫೊರೇ', 'ಒಪಿತಾಲ್' ಬರೆಯುವಾಗಲೂ ಟೋಪಿ ಬರುತ್ತದೆ. ಅದೇ ಪದಗಳು ಇಂಗ್ಲಿಷಿನಲ್ಲಿ ಫಾರೆಸ್ಟ್, ಹಾಸ್ಪಿಟಲ್, ಅಲ್ಲಿ ಎಸ್ ಇನ್ನೂ ಇದೆ. ಕ್ರಿಯಾಪದದಲ್ಲೂ ಇದೇ ಆಯಿತು. ಹದಿನೇಳನೇ ಶತಮಾನದ ಅಚ್ಚಿನಲ್ಲಿ ಎಫ್-ಯು-ಎಸ್-ಟಿ ಅಂತ ಬರೆಯುತ್ತಿದ್ದರು, ಎಸ್ ಸದ್ದು ಆ ಹೊತ್ತಿಗಾಗಲೇ ಬಾಯಿಂದ ಹೋಗಿತ್ತು. ಫ್ರೆಂಚ್ ಅಕಾಡೆಮಿ ತನ್ನ ನಿಘಂಟಿನ 1740ರ ಆವೃತ್ತಿಯಲ್ಲಿ ಇಂಥ ಮೂಕ ಎಸ್‌ಗಳನ್ನು ಸಾರಾಸಗಟಾಗಿ ತೆಗೆಯಿತು. ಎಷ್ಟೋ ಕಡೆ ಆ ಜಾಗಕ್ಕೆ ಟೋಪಿ ಬಂತು. ಇನ್ನೂ ಹಿಂದಕ್ಕೆ ಹೋದರೆ 'ಪ್ರೀತಿಸು' ಕ್ರಿಯಾಪದದ ಲ್ಯಾಟಿನ್ ರೂಪ 'ಅಮಾವಿಸ್ಸೆತ್' ಸಿಗುತ್ತದೆ. ಅದು ಸವೆದು 'ಅಮಾಸ್ಸೆತ್' ಆಯಿತು, ಅದೇ ಕೊನೆಗೆ ಫ್ರೆಂಚಿನ 'ಎಮಾ'. ಐದು ರೂಪಗಳಲ್ಲಿ ಕೇಳಿಸುವ 'ಸ್' ಆ ಲ್ಯಾಟಿನ್ನಿನದೇ.

ಈಗ ನನಗೆ ತುಂಬಾ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಈ ಎರಡನ್ನೂ ಜೋರಾಗಿ ಓದು: 'ಆವಾಂ ಕಿಲ್ ಫ್ಯು ಪಾರ್ತಿ', 'ಆಪ್ರೆ ಕಿಲ್ ಫ್ಯು ಪಾರ್ತಿ'. ಅವನು ಹೊರಡುವ ಮೊದಲು, ಅವನು ಹೊರಟ ಮೇಲೆ. ಕಿವಿಗೆ ಎರಡೂ 'ಫ್ಯು' ಒಂದೇ. ಕಾಗದದ ಮೇಲೆ ಮೊದಲನೆಯದಕ್ಕೆ ಟೋಪಿ ಇದೆ, ಎರಡನೆಯದಕ್ಕೆ ಇಲ್ಲ. ಹೊರಡುವ ಮೊದಲು ಅಂದಾಗ ಆ ಹೊರಡುವುದು ಇನ್ನೂ ನಡೆದಿಲ್ಲ, ಅದಕ್ಕೇ ಸಬ್ಜಂಕ್ಟಿವ್. ಹೊರಟ ಮೇಲೆ ಅಂದರೆ ನಡೆದುಹೋದ ಸಂಗತಿ, ಅಲ್ಲಿ ಸಬ್ಜಂಕ್ಟಿವ್‌ಗೆ ಜಾಗವಿಲ್ಲ. ನಡೆದದ್ದು, ನಡೆಯದೇ ಇದ್ದದ್ದು ಇವೆರಡರ ನಡುವಿನ ವ್ಯತ್ಯಾಸವನ್ನು ಒಂದು ಸಣ್ಣ ಗೆರೆ ಹೊತ್ತುಕೊಂಡಿದೆ! ಫ್ರೆಂಚರೇ ಇಲ್ಲಿ ಎಡವುತ್ತಾರೆ, 'ಆಪ್ರೆ' ಆದಮೇಲೂ ಟೋಪಿ ಹಾಕಿ ಅಚ್ಚು ಹಾಕಿಸಿಬಿಡುತ್ತಾರೆ. 1990ರಲ್ಲಿ ಕಾಗುಣಿತ ಸರಳ ಮಾಡಿದಾಗ ಐ ಮತ್ತು ಯು ಮೇಲಿನ ಟೋಪಿಗಳನ್ನು ಎಷ್ಟೋ ಪದಗಳಿಂದ ಇಳಿಸಿದರು. ಆದರೆ ಇಲ್ಲಿ ಮುಟ್ಟಲಿಲ್ಲ. ಮುಟ್ಟಿದ್ದರೆ ಈ ಎರಡು 'ಫ್ಯು'ಗಳನ್ನು ಬೇರೆ ಮಾಡೋಕೆ ದಾರಿಯೇ ಇರುತ್ತಿರಲಿಲ್ಲ.

ಒಂದು ಎಚ್ಚರಿಕೆ. ಪಾಸೇ ಸ್ಯಾಂಪ್ಲ್‌ನ ನೂ, ವೂ ರೂಪಗಳಿಗೂ ಟೋಪಿ ಇದೆ: 'ನೂ ಪಾರ್ಲಾಮ್', 'ವೂ ಪಾರ್ಲಾತ್'. ಅವು ಸಬ್ಜಂಕ್ಟಿವ್ ಅಲ್ಲ. ಕೊನೆಯ ಅಕ್ಷರಗಳನ್ನು ನೋಡಿದರೆ ಗೊತ್ತಾಗುತ್ತದೆ.

ಮಾತಿನಿಂದ ಇದು ಯಾಕೆ ಹೋಯಿತು ಅಂತಲೂ ಕೇಳಿದ್ದೆ. ಪಾಸೇ ಸ್ಯಾಂಪ್ಲ್ ಬಾಯಿಂದ ಜಾರಿತು, ಅದನ್ನೇ ಆಧಾರ ಮಾಡಿಕೊಂಡಿದ್ದ ಇದೂ ಜಾರಿತು. ಜೊತೆಗೆ 'ಆಸ್' ಅನ್ನೋ ಸದ್ದೇ ಫ್ರೆಂಚ್ ಕಿವಿಗೆ ಅಷ್ಟು ಹಿಡಿಸುವುದಿಲ್ಲ. 'ಪಾಪ್ರಾಸ್' ಅಂದರೆ ಕೆಲಸಕ್ಕೆ ಬಾರದ ಕಾಗದಪತ್ರದ ರಾಶಿ. 'ರೆವಾಸೇ' ಅಂದರೆ ಸುಮ್ನೆ ಕೂತು ಹಗಲುಗನಸು ಕಾಣೋದು. ಹೀಗೆ ಸಸಾರದ ವಾಸನೆ ಇರುವ ಪ್ರತ್ಯಯ ಕ್ರಿಯಾಪದದ ಕೊನೆಗೂ ಬಂದರೆ ಗಂಭೀರ ಮಾತು ನಗೆಪಾಟಲಾಗುತ್ತದೆ. ಮೂರನೇ ರೂಪಕ್ಕೆ ಮಾತ್ರ ಈ ತೊಂದರೆ ಇರಲಿಲ್ಲ. ಬರವಣಿಗೆಯಲ್ಲಿ ಅದೊಂದೇ ಗಟ್ಟಿಯಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಸರ್ಕಾರವೂ ಕೈ ಸಡಿಲ ಮಾಡಿತು. 1901ರಲ್ಲಿ ಶಿಕ್ಷಣ ಮಂತ್ರಿ ಜೊರ್ಜ್ ಲೇಗ್ ಹೊರಡಿಸಿದ ಆದೇಶದಲ್ಲಿ ಕೆಲವು ವಾಕ್ಯಗಳಲ್ಲಿ 'ವ್ಯಾಂ' ಬದಲು 'ವ್ಯೆನ್' ಬರೆದರೂ ಪರೀಕ್ಷೆಯಲ್ಲಿ ತಪ್ಪು ಅಂತ ಹಿಡಿಯಬಾರದು ಅಂತಾಯಿತು. 1976ರಲ್ಲಿ ರೆನೇ ಅಬಿ ಮಂತ್ರಿಯಾಗಿದ್ದಾಗ ಆ ಸಡಿಲಿಕೆ ಭೂತಕಾಲದ ವಾಕ್ಯಗಳಿಗೂ ಬಂತು. ಅದಕ್ಕೇ ಹೇಳಿದೆ, ನೀನು ಬರೆಯುವಾಗ ವರ್ತಮಾನದ ಸಬ್ಜಂಕ್ಟಿವ್ ಹಾಕು, ಯಾರೂ ಕೆಂಪು ಗೆರೆ ಎಳೆಯುವುದಿಲ್ಲ.

ಆದರೆ ಇದನ್ನು ಸತ್ತ ರೂಪ ಅನ್ನಬೇಡ, ನನಗೆ ಬೇಜಾರಾಗುತ್ತದೆ. ಫ್ರೆಂಚಿನ ಒಡಹುಟ್ಟಿದ ಭಾಷೆಗಳಲ್ಲಿ ಇದು ಮನೆಮಾತು. ಇಟಲಿಯವರು 'ವೊಲೇವೊ ಕೆ ವೆನಿಸ್ಸೆ' ಅಂತ ಮಾತಿನ ನಡುವೆ ಸಲೀಸಾಗಿ ಹೇಳುತ್ತಾರೆ. ಅವನು ಬರಲಿ ಅಂತ ನನಗಿತ್ತು, ಅಷ್ಟೇ ಅರ್ಥ. ಸ್ಪ್ಯಾನಿಷ್, ಪೋರ್ಚುಗೀಸ್ ಮಕ್ಕಳೂ ತಮ್ಮ ರೂಪಗಳನ್ನು ಶಾಲೆಗೆ ಹೋಗುವ ಮೊದಲೇ ಆಡುತ್ತಾರೆ. ಫ್ರೆಂಚಿನಲ್ಲೂ ಕೆಲವು ನುಡಿಗಟ್ಟುಗಳಲ್ಲಿ ಇದು ಇವತ್ತಿಗೂ ಇದೆ. 'ನ ಫ್ಯುಸ್ ಕ' ಅಂದರೆ ಕೊನೇ ಪಕ್ಷ ಇಷ್ಟಾದರೂ. 'ಫ್ಯುತಿಲ್ ರ್ವಾ' ಅಂದರೆ ಅವನು ರಾಜನೇ ಆಗಿದ್ದರೂ. ಪತ್ರಿಕೆಯ ಸಂಪಾದಕೀಯದಲ್ಲಿ ಇಂಥವು ಈಗಲೂ ಸಿಗುತ್ತವೆ, ಹುಡುಕು.

ಇನ್ನೊಂದು ವಿಷಯ, ಇಲ್ಲದಿದ್ದರೆ ಮತ್ತೆ ಸಿಕ್ಕಿಕೊಳ್ಳುತ್ತೀಯ. ಅವ್ವಾರ್‌ನ ಟೋಪಿ ಹಾಕಿದ ರೂಪದ ಜೊತೆ ಇನ್ನೊಂದು ಕ್ರಿಯಾಪದ ಬಂದರೆ ಅದು ಪ್ಲೂಪರ್ಫೆಕ್ಟ್ ಸಬ್ಜಂಕ್ಟಿವ್. ಹಳೆಯ ಗದ್ಯದಲ್ಲಿ ಅದು ಎಷ್ಟೋ ಸಲ 'ಹೀಗಾಗಬಹುದಿತ್ತು, ಆಗಲಿಲ್ಲ' ಅನ್ನೋದಕ್ಕೆ ಬರುತ್ತದೆ. ಅಲ್ಲಿ ಆಸೆಯನ್ನೋ ಭಯವನ್ನೋ ಹುಡುಕಬೇಡ. 'ಆಗಬಹುದಿತ್ತು' ಅಂತ ಓದಿಕೊಂಡು ಮುಂದೆ ಹೋಗು.

ಹಾಗಾಗಿ ಹೀಗೆ ಮಾಡು. ಎತ್ರ್, ಅವ್ವಾರ್, ಫೇರ್, ವನೀರ್, ಪುವ್ವಾರ್ (ಸಾಧ್ಯವಾಗು), ದವ್ವಾರ್ (ಮಾಡಲೇಬೇಕು), ಈ ಆರರ ಮೂರನೇ ರೂಪ ಮಾತ್ರ ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೋ. ಟೋಪಿ ಕಂಡಾಗಲೆಲ್ಲ ಸ್ವಲ್ಪ ಹಿಂದಕ್ಕೆ ಕಣ್ಣು ಹಾಯಿಸು. 'ಬ್ಯಾಂ ಕ' (ಆದರೂ) ಇದೆಯಾ, 'ಆವಾಂ ಕ' (ಮೊದಲು) ಇದೆಯಾ, ಯಾರಾದರೂ ಬಯಸುತ್ತಿದ್ದಾರಾ, ಹೆದರುತ್ತಿದ್ದಾರಾ, ಕಾಯುತ್ತಿದ್ದಾರಾ? ಆ ಕಾರಣ ಸಿಕ್ಕಿದರೆ ವಾಕ್ಯ ಬಿಚ್ಚಿಕೊಳ್ಳುತ್ತದೆ. ಅಷ್ಟಾದರೂ ಬಿಡಿಸೋಕೆ ಆಗದ ವಾಕ್ಯಗಳ ಫೋಟೋ ತೆಗೆದು ಕಳಿಸು, ಭಾನುವಾರ ಫೋನಿನಲ್ಲಿ ಒಟ್ಟಿಗೆ ನೋಡೋಣ.

ನಿನ್ನ
ಗೆಳೆಯ