ಅದಿರಿಗೆ ತೆರೆದ ಗಡಿ ಹಿಮಸಾರಂಗಕ್ಕೂ ತೆರೀಲಿ

ಮಾನ್ಯ ಸಂಪಾದಕರೇ,

ಸ್ವೀಡನ್, ನಾರ್ವೆ, ಫಿನ್ಲೆಂಡ್ ಸೇರ್ಕೊಂಡು ಯುರೋಪಿನ ಉತ್ತರದ ತುದೀಲಿ ಗಣಿಗಾರಿಕೆ ಬೆಳೆಸೋಕೆ ಹೊರಟಿರೋ ಬಗ್ಗೆ ನಿಮ್ಮ ಪತ್ರಿಕೇಲಿ ಬಂದ ಲೇಖನ ಓದಿದೆ. ನಾನು ಹೊಸಪೇಟೆಯವನು, ಈಗ ಇರೋದು ಸ್ವೀಡನ್ನಿನ ಲುಲಿಯೋದಲ್ಲಿ. ಲೇಖನದಲ್ಲಿ ಬಂಡವಾಳ, ರೇರ್ ಅರ್ಥ್ ಅನ್ನೋ ವಿಶೇಷ ಲೋಹಗಳು, ಚೀನಾ ಮೇಲಿನ ಅವಲಂಬನೆ ಎಲ್ಲಾ ಚೆನ್ನಾಗೇ ಬಂದಿತ್ತು, ಆದ್ರೆ ಆ ನೆಲದಲ್ಲಿ ತಲೆತಲಾಂತರದಿಂದ ಹಿಮಸಾರಂಗ ಮೇಯಿಸ್ಕೊಂಡು ಬಂದಿರೋ ಸಾಮಿ ಜನರ ವಿಷಯ ಒಂದೇ ಸಾಲಲ್ಲಿ ಮುಗಿದುಹೋಗಿತ್ತು, ಅದೂ ಸ್ಥಳೀಯರ ವಿರೋಧ ಇದೆ ಅಂತ ಅಷ್ಟೇ. ಅದಕ್ಕೇ ಈ ಪತ್ರ.

ಈ ದೇಶಗಳ ಸಹಕಾರ ಇವತ್ತು ನಿನ್ನೇದಲ್ಲ. ಉತ್ತರ ಸ್ವೀಡನ್ನಿನ ಗಣಿ ಊರು ಕಿರುನಾದ ಕಬ್ಬಿಣದ ಅದಿರನ್ನ ಲುಲಿಯೋ ಬಂದರಿಗೆ ತರ್ತಿದ್ರೆ ಚಳಿಗಾಲದಲ್ಲಿ ಇಲ್ಲಿ ಸಮುದ್ರವೇ ಹೆಪ್ಪುಗಟ್ಟುತ್ತೆ, ಆದ್ರೆ ಪಕ್ಕದ ನಾರ್ವೆಯ ನಾರ್ವಿಕ್ ಬಂದರು ಇನ್ನೂ ಉತ್ತರಕ್ಕಿದ್ರೂ ಅಟ್ಲಾಂಟಿಕ್‌ನ ಬಿಸಿ ನೀರಿನ ಪ್ರವಾಹದಿಂದ ವರ್ಷಪೂರ್ತಿ ತೆರೆದಿರುತ್ತೆ, ಹಾಗಾಗಿ ಬೆಟ್ಟ ಕೊರೆದು ಗಡಿ ದಾಟಿಸಿ ರೈಲು ಹಾಕಿದ್ರು, 1903ರಲ್ಲಿ ರಾಜ ಎರಡನೇ ಆಸ್ಕರ್ ಬಂದು ಉದ್ಘಾಟನೆ ಮಾಡಿದ. ಎರಡೇ ವರ್ಷಕ್ಕೆ ಸ್ವೀಡನ್ ನಾರ್ವೆ ಬೇರೆ ಬೇರೆ ದೇಶ ಆದ್ವು, ಅದಿರು ಮಾತ್ರ ನಿಲ್ಲಲಿಲ್ಲ. ಇವತ್ತಿಗೂ ಒಂದೊಂದು ರೇಕ್‌ಗೆ 68 ವ್ಯಾಗನ್, ಮುಕ್ಕಾಲು ಕಿಲೋಮೀಟರ್ ಉದ್ದ. ಗಡಿ ದಾಟಿ ನಾರ್ವಿಕ್ ಕಡೆ ಇಳಿಜಾರಲ್ಲಿ ಬರುವಾಗ ಲೋಡಾದ ಗಾಡಿ ಬ್ರೇಕ್ ಹಾಕಿದ್ರೆ ಅದೇ ಕರೆಂಟ್ ಉತ್ಪಾದಿಸಿ ಲೈನಿಗೆ ವಾಪಸ್ ಕೊಡುತ್ತೆ. ಕಡಲೆ ಗಾತ್ರದ ಅದಿರಿನ ಉಂಡೆ (ಪೆಲೆಟ್) ತುಂಬಿದ ಆ ವ್ಯಾಗನ್‌ಗಳು ಒಂದಾದ್ಮೇಲೊಂದು ಹೋಗೋದನ್ನ ನೋಡ್ತಾ ನಿಂತ್ರೆ ಹೊಸಪೇಟೆ ಮೈನ್ಸ್ ನೋಡ್ಕೊಂಡೇ ಬೆಳೆದ ನನ್ನಂಥವನಿಗೂ ಆಶ್ಚರ್ಯ ಆಗುತ್ತೆ, ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದಾರೆ ಅಂತ.

2023ರ ಡಿಸೆಂಬರ್‌ನಲ್ಲಿ ಇದೇ ಲೈನಲ್ಲಿ ಅದಿರಿನ ಗಾಡಿ ಹಳಿ ತಪ್ಪಿ ಕಿಲೋಮೀಟರ್‌ಗಟ್ಟಲೆ ಹಳಿ ಹಾಳಾಯ್ತು, ಸುಮಾರು ಎರಡು ತಿಂಗಳು ರೈಲು ನಿಂತೇಹೋಯ್ತು, ಫೆಬ್ರವರೀಲಿ ಶುರು ಮಾಡಿದ ಕೆಲವೇ ದಿನಕ್ಕೆ ಮತ್ತೆ ಹಳಿ ತಪ್ಪಿತು. ಓಸ್ಲೋದಿಂದ ಉತ್ತರ ನಾರ್ವೆಗೆ ಹೋಗೋ ದಿನಸಿ ಸಾಮಾನೂ ಸ್ವೀಡನ್ ಮೂಲಕ ಇದೇ ಹಳಿ ಮೇಲೆ ಬರೋದ್ರಿಂದ ಎರಡೂ ದೇಶಕ್ಕೆ ಬಿಸಿ ತಟ್ಟಿತು, ಅವತ್ತಿಂದ ಎರಡನೇ ಹಳಿ ಬೇಕು ಅನ್ನೋ ಕೂಗು ಇನ್ನೂ ಜೋರಾಗಿದೆ. ಬೇಕು, ಖಂಡಿತ ಬೇಕು. ನಾನು ಗಣಿ ವಿರೋಧಿ ಅಲ್ಲ.

ಆದ್ರೆ ಗಡಿ ದಾಟೋದು ಅದಿರು ಒಂದೇ ಅಲ್ವಲ್ಲ. ಕಿರುನಾ ಸುತ್ತಮುತ್ತಲ ಸಾಮಿ ಜನರ ಹಿಮಸಾರಂಗಗಳು ಚಳಿಗಾಲ ಪೂರ್ತಿ ಸ್ವೀಡನ್ ಕಡೆ ಕಾಡಲ್ಲಿ ಹಿಮ ಕೆದರಿ ಕಲ್ಲುಹೂವು ತಿನ್ಕೊಂಡಿದ್ದು, ಬೇಸಿಗೆ ಬಂದ್ರೆ ಹಸಿರು ಹುಡ್ಕೊಂಡು ನಾರ್ವೆ ಬೆಟ್ಟಗಳ ಕಡೆ ಹೋಗ್ತವೆ. ಈ ಎರಡು ದೇಶಗಳ ನಡುವೆ ಗಡಿ ಗೆರೆ ಎಳೆದಿದ್ದು 1751ರಲ್ಲಿ, ಆ ಒಪ್ಪಂದಕ್ಕೇ ಒಂದು ಅನುಬಂಧ ಸೇರಿಸಿ ಸಾಮಿ ಜನ ತಮ್ಮ ಪ್ರಾಣಿಗಳ ಜತೆ ಮೊದಲಿನ ಹಾಗೇ ಎರಡೂ ಕಡೆ ಓಡಾಡ್ಬಹುದು ಅಂತ ಬರೆದಿದ್ರು. ಆಗ ಇದ್ದ ಆ ತಿಳಿವಳಿಕೆ ಆಮೇಲೆ ಎಲ್ಲಿ ಹೋಯ್ತೋ. 1919ರ ಒಪ್ಪಂದ ನಾರ್ವೆಗೆ ಹೋಗೋ ಹಿಮಸಾರಂಗಗಳ ಸಂಖ್ಯೆಯನ್ನೇ ಕಡಿಮೆ ಮಾಡ್ತು, ಅದರಿಂದ ಜಾಗ ಸಾಲದೆ ಎಷ್ಟೋ ಕುಟುಂಬಗಳನ್ನ ಉತ್ತರದಿಂದ ಎಬ್ಬಿಸಿ ನೂರಾರು ಕಿಲೋಮೀಟರ್ ದಕ್ಷಿಣಕ್ಕೆ ಕಳಿಸಿದ್ರು. ಆಮೇಲೆ 1972ರಲ್ಲಿ ಇನ್ನೊಂದು ಒಪ್ಪಂದ ಆಯ್ತು, ಅದರ ಅವಧಿ 2005ಕ್ಕೆ ಮುಗೀತು, ಅಲ್ಲಿಂದೀಚೆಗೆ ಎರಡೂ ಸರ್ಕಾರಕ್ಕೆ ಒಮ್ಮತಕ್ಕೆ ಬರೋಕಾಗದೆ ವಿಷಯ ಹಾಗೇ ನೇತಾಡ್ತಿದೆ. ಕಿರುನಾ ಭಾಗದ ಸಾರಿವುವೋಮಾ ಅನ್ನೋ ಸಾಮಿ ಸಮುದಾಯ ನಾರ್ವೆಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2021ರಲ್ಲಿ ತಮ್ಮ ಮೇಯಿಸೋ ಹಕ್ಕಿನ ಕೇಸ್ ಗೆಲ್ಲಬೇಕಾಯ್ತು. ಅದಿರು ಸಾಗಿಸೋಕೆ ಯಾರಾದ್ರೂ ಹೀಗೆ ಕೋರ್ಟ್ ಮೆಟ್ಟಿಲು ಹತ್ತಬೇಕಾಗಿತ್ತಾ?

ಈಗ ಇದರ ಮೇಲೆ ಪರ್ ಗೇಯರ್ ಅನ್ನೋ ಹೊಸ ಗಣಿ ಯೋಜನೆ ಬಂದಿದೆ. ಸ್ವೀಡನ್ನಿನ ಸರ್ಕಾರಿ ಗಣಿ ಕಂಪನಿ ಎಲ್‌ಕೆಎಬಿ 2023ರ ಜನವರೀಲಿ ಕಿರುನಾ ಪಕ್ಕದಲ್ಲೇ 10 ಲಕ್ಷ ಟನ್‌ಗೂ ಹೆಚ್ಚು ರೇರ್ ಅರ್ಥ್ ಆಕ್ಸೈಡ್ ಇದೆ ಅಂತ ಘೋಷಿಸ್ತು, ಬೇರ್ಪಡಿಸೋ ತಂತ್ರಜ್ಞಾನಕ್ಕೆ ನಾರ್ವೆಯ ಆರ್‌ಇಇಟೆಕ್ ಕಂಪನೀಲಿ ಷೇರನ್ನೂ ತಗೊಂಡಿದೆ, 2025ರಲ್ಲಿ ಐರೋಪ್ಯ ಒಕ್ಕೂಟ ಇದನ್ನ ಆಯಕಟ್ಟಿನ ಯೋಜನೆಗಳ ಪಟ್ಟಿಗೆ ಸೇರಿಸ್ತು. ಆ ಜಾಗ ಗಾಬ್ನಾ ಅನ್ನೋ ಸಾಮಿ ಸಮುದಾಯದವರ ಹಿಮಸಾರಂಗಗಳು ಓಡಾಡೋ ದಾರಿ. ಒಂದು ಕಡೆ ಹಳೇ ಗಣಿ, ಇನ್ನೊಂದು ಕಡೆ ಗಣಿಯಿಂದಾಗಿ ಬೇರೆ ಜಾಗಕ್ಕೆ ಸ್ಥಳಾಂತರಿಸಿದ ಹೊಸ ಊರು, ಮಧ್ಯೆ ರೈಲು ರಸ್ತೆ, ರೈಲಿಗೆ ಸಿಕ್ಕಿ ಸಾಯೋ ಪ್ರಾಣಿಗಳು ಬೇರೆ. ಉಳಿದಿರೋ ದಾರೀಲಿ ಹೊಸ ಗಣಿ ಬಂದ್ರೆ ನಮ್ಮ ಮೇವಿನ ನೆಲ ಎರಡು ತುಂಡಾಗುತ್ತೆ ಅಂತ ಅವರು ಹೇಳ್ತಿದ್ದಾರೆ. ಮೊದ್ಲೆಲ್ಲ ಇಂಥ ಕಷ್ಟ ಬಂದ್ರೆ ಬೇರೆ ಕಡೆ ಹೊಡ್ಕೊಂಡು ಹೋಗ್ಬಹುದಿತ್ತು, ಈಗ ಚಳಿಗಾಲದ ಮಧ್ಯೆನೇ ಮಳೆ ಬಿದ್ದು ಹಿಮ ಗಟ್ಟಿಯಾಗಿ ಕಲ್ಲುಹೂವೇ ಸಿಗದೆ ಹಿಂಡಿಗೆ ಮೇವು ದುಡ್ಡು ಕೊಟ್ಟು ತರೋ ಪರಿಸ್ಥಿತಿ. ಇಂಥ ಟೈಮಲ್ಲಿ ಗಡಿಯಾಚೆಯ ಮೇವಿನ ಹಕ್ಕು ಅವರಿಗೆ ಎಷ್ಟು ಮುಖ್ಯ ಅಂತ ಯೋಚನೆ ಮಾಡಿ.

ಬಳ್ಳಾರಿ ಜಿಲ್ಲೆಯವರಿಗೆ ಇದು ಬೇಗ ಅರ್ಥ ಆಗುತ್ತೆ ಅನ್ಸುತ್ತೆ. ಕರ್ನಾಟಕ ಆಂಧ್ರ ಗಡಿ ತಕರಾರು ಸುಪ್ರೀಂ ಕೋರ್ಟ್‌ಗೆ ಹೋಗಿದ್ದು, 2011ರಲ್ಲಿ ಗಣಿಗಾರಿಕೆನೇ ನಿಲ್ಲಿಸಿದ್ದು, ಅಷ್ಟೊತ್ತಿಗೆ ಕೆಂಪು ಧೂಳು ಹೊಲಗಳ ಮೇಲೆ ಕೂತಾಗಿತ್ತು. ಹೊಲದವನನ್ನ ಮೊದಲೇ ಯಾರೂ ಕೇಳಿರ್ಲಿಲ್ಲ.

ಸ್ವೀಡನ್‌ನಲ್ಲಿ ಕಾನೂನು ಇದೆ, ಸರ್ಕಾರಕ್ಕೆ ದುಡ್ಡಿದೆ, ಹಾಗಾಗಿ ಕೇಳೋದ್ರಲ್ಲಿ ತಪ್ಪಿಲ್ಲ. ಪರ್ ಗೇಯರ್‌ಗೆ ಅಂತಿಮ ಪರ್ಮಿಷನ್ ಕೊಡೋ ಮೊದ್ಲು ಸ್ವೀಡನ್ ನಾರ್ವೆ ಎರಡೂ ಕೂತು ಇಪ್ಪತ್ತು ವರ್ಷದಿಂದ ಬಾಕಿ ಇರೋ ಹಿಮಸಾರಂಗ ಒಪ್ಪಂದ ಮುಗಿಸ್ಬೇಕು, ಆ ಮಾತುಕತೇಲಿ ಸಾಮಿ ಜನರಿಗೆ ಬರೀ ಅಭಿಪ್ರಾಯ ಹೇಳೋ ಜಾಗ ಅಲ್ಲ, ಸಹಿ ಹಾಕೋ ಜಾಗ ಕೊಡ್ಬೇಕು. ಮೂಲನಿವಾಸಿಗಳ ಹಕ್ಕಿನ ಐಎಲ್ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) 169ನೇ ಒಡಂಬಡಿಕೆಯನ್ನ ನಾರ್ವೆ 1990ರಲ್ಲೇ ಒಪ್ಕೊಂಡಿದೆ, ಸ್ವೀಡನ್ ಫಿನ್ಲೆಂಡ್ ಇನ್ನೂ ಒಪ್ಪಿಲ್ಲ, ಸಹಕಾರ ಅಂತ ಮಾತಾಡೋರು ಅಲ್ಲಿಂದಲೂ ಶುರು ಮಾಡ್ಬಹುದು.

ನಿಮ್ಮಲ್ಲೂ ಒಂದು ವಿನಂತಿ. ಈ ವಿಷಯದ ಬಗ್ಗೆ ಇನ್ನೊಂದು ಸಲ ಬರೆಸಿದ್ರೆ ಕಂಪನಿಯವರ ಮಾತಿನ ಜತೆಗೆ ಗಾಬ್ನಾದವರ ಮಾತನ್ನೂ ಕೇಳಿ ಬರೆಸಿ.

ಇಂತಿ,
ಹೊಸಪೇಟೆ ಮೂಲದ ಓದುಗ, ಲುಲಿಯೋ, ಸ್ವೀಡನ್