ಆ ಪುಟ ಕತ್ತರಿಸಬೇಡ ಗೆಳೆಯಾ

ಪ್ರೀತಿಯ ಗೆಳೆಯಾ,

ವಿಜಯಪುರದ ರದ್ದಿ ಅಂಗಡಿಯಲ್ಲಿ ಹಳೆಯ ಇಂಗ್ಲಿಷ್ ವಾರಪತ್ರಿಕೆಗಳ ಕಟ್ಟು ಸಿಕ್ಕಿದೆ ಎಂದು ಬರೆದಿದ್ದೀಯ. ನೆಹರೂ ಚಿತ್ರ ಕತ್ತರಿಸಿ, ಫ್ರೇಮ್ ಹಾಕಿಸಿ ಕಳಿಸುತ್ತೀಯಂತೆ. ದಯವಿಟ್ಟು ಕತ್ತರಿ ಹಚ್ಚಬೇಡ! ಮೊದಲು ಚಿತ್ರದ ಅಂಚಿನ ಸಣ್ಣ ಅಕ್ಷರ ಓದು. ‘ಡಾಲ್ಡಾ 13’ ಎಂದಿದ್ದರೆ ಅದು ಹೋಮಾಯ್ ವ್ಯಾರಾವಾಲಾ ತೆಗೆದದ್ದು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ.

ಅವರು ಹುಟ್ಟಿದ್ದು 1913ರಲ್ಲಿ, ಗುಜರಾತಿನ ನವಸಾರಿಯಲ್ಲಿ. ಮುಂದೆ ಗಂಡನಾದ ಮಾಣೆಕ್‌ಷಾ ಪರಿಚಯವಾದಾಗ ವಯಸ್ಸು 13. ಮೊದಲ ಕಾರಿನ ನಂಬರು ಡಿಎಲ್‌ಡಿ 13. ಹೀಗೆ ಬಂತು ಆ ಹೆಸರು. ಶುರುವಿನಲ್ಲಿ ಮುಂಬೈಯಲ್ಲಿ ತೆಗೆದ ಚಿತ್ರಗಳು ಗಂಡನ ಹೆಸರಿನಲ್ಲೇ ಅಚ್ಚಾಗುತ್ತಿದ್ದವು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ. ಅದಕ್ಕೇ ಚಿತ್ರದ ಜೊತೆ ಆ ಒಂದು ಸಾಲೂ ಉಳಿಯಬೇಕು ಅನ್ನುತ್ತೇನೆ. ತಾರೀಖೂ ಪುಟದ ಅಂಚಿನಲ್ಲೇ ಇರುತ್ತದೆ, ಅಲ್ವಾ?

ನನ್ನ ಹತ್ತಿರ ಇರುವುದರಲ್ಲಿ ನನಗೆ ಜಾಸ್ತಿ ಇಷ್ಟ ವಿಮಾನದೊಳಗಿನ ಚಿತ್ರ. ನೆಹರೂ ತುಟಿಯಲ್ಲಿ ಸಿಗರೇಟು. ಹಾಗೇ ಬಾಗಿ ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿಯ ಸಿಗರೇಟು ಹಚ್ಚಿಕೊಡುತ್ತಿದ್ದಾರೆ. ಪ್ರಧಾನಿಯ ಗತ್ತು ಎಲ್ಲೂ ಇಲ್ಲ. ವಿಮಾನ ನಿಲ್ದಾಣದಲ್ಲಿ ತಂಗಿ ವಿಜಯಲಕ್ಷ್ಮಿ ಪಂಡಿತರನ್ನು ಅಪ್ಪಿಕೊಂಡ ಚಿತ್ರವೂ ಹಾಗೇ. ದೊಡ್ಡವರು ತಾವು ದೊಡ್ಡವರೆಂದು ಮರೆತ ಗಳಿಗೆಗೆ ಹೋಮಾಯ್ ಕಾಯುತ್ತಿದ್ದರು ಅನ್ನಿಸುತ್ತದೆ. ಅಂಥವರು 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು, ಮತ್ತೆ ಆ ಕೆಲಸಕ್ಕೆ ಬರಲೇ ಇಲ್ಲ. ಪದ್ಮವಿಭೂಷಣ ಬಂದದ್ದು 2011ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ.

ಕಟ್ಟಿನಲ್ಲಿ ಬಿಡಿ ಫೋಟೋ ಇದ್ದರೆ ಭೂತಗನ್ನಡಿ ಹಿಡಿದು ನೋಡು. ಸಣ್ಣ ಸಣ್ಣ ಚುಕ್ಕಿ ಕಂಡರೆ ಅದು ಅಚ್ಚಿನದು. ಚುಕ್ಕಿ ಇಲ್ಲದಿದ್ದರೆ ಅಸಲಿ ಫೋಟೋ ಇರಬಹುದು, ಹಿಂಬದಿಯ ಮುದ್ರೆ, ಬರಹ ಏನಿದ್ದರೂ ಒರೆಸಬೇಡ. ಹರಿದ ಕಡೆ ಸೆಲ್ಲೋಟೇಪ್ ಬೇಡವೇ ಬೇಡ, ಹಳದಿ ಕಲೆ ಬೀಳುತ್ತದೆ. ಬೆಳಗಾವಿ ಮಳೆ ನಿನಗೆ ಗೊತ್ತಲ್ಲ, ಇಲ್ಲಿ ಕಾಗದಕ್ಕೆ ಥಂಡಿಯೇ ವೈರಿ. ಮಳೆಗಾಲ ಮುಗಿಯುವವರೆಗೆ ಕಟ್ಟು ನಿನ್ನ ಹತ್ತಿರವೇ ಇರಲಿ, ಬಿಸಿಲು ತಾಗದ ಕಡೆ. ದಸರೆಗೆ ನಾನೇ ಬರುತ್ತೇನೆ.

1962ರ ಸಂಚಿಕೆಗಳಿದ್ದರೆ ಬೇರೆ ಎತ್ತಿಡು. ಆ ವರ್ಷ ಅಮೆರಿಕದ ಅಧ್ಯಕ್ಷರ ಹೆಂಡತಿ ಜಾಕ್ವೆಲಿನ್ ಕೆನಡಿ ಭಾರತಕ್ಕೆ ಬಂದಿದ್ದರು. ಹೋಮಾಯ್ ತೆಗೆದ ಅವರ ಚಿತ್ರ ನನ್ನ ಹತ್ತಿರ ಇನ್ನೂ ಇಲ್ಲ.

ನಿನ್ನ ಗೆಳೆಯ,
ಬೆಳಗಾವಿ